ಆರದ ಹಳದಿ ದೀಪ: ದುಡ್ಡು ಹಾಕೋ ಮುಂಚೆ ಕೋಡ್ ಓದಿಸಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಡ್ಯಾಶ್‌ಬೋರ್ಡ್‌ನಲ್ಲಿ ಜಾರುತ್ತಿರೋ ಕಾರಿನ ಚಿತ್ರದ ಹಳದಿ ದೀಪ ಹತ್ತಿಕೊಂಡಿದ್ದು ಆರ್ತಾನೇ ಇಲ್ಲ. ಜೊತೆಗೆ ಎಬಿಎಸ್ ದೀಪವೂ ಉರೀತಿದೆ. ಗ್ಯಾರೇಜಿನವರು ನೋಡಿದ ತಕ್ಷಣ ಎಬಿಎಸ್ ಯೂನಿಟ್ಟೇ ಹೋಗಿದೆ, ಬದಲಿಸಬೇಕು ಅಂದರು. ತಿಂಗಳಿಗೊಮ್ಮೆ ಅಮ್ಮನನ್ನು ಆಗುಂಬೆ ಘಾಟಿ ಇಳಿಸಿಕೊಂಡು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕು. ಹೀಗೇ ಓಡಿಸಬಹುದಾ? ಅಷ್ಟು ದುಡ್ಡು ಹಾಕಲೇಬೇಕಾ?"

ಎರಡಕ್ಕೂ ಮೊದಲೇ ಉತ್ತರ ಹೇಳಿಬಿಡ್ತೇನೆ. ಮಳೆಯಲ್ಲಿ ಘಾಟಿ ಇಳಿಯುವ ಮುಂಚೆ ಸರಿಮಾಡಿಸಿ. ಆದರೆ ಕೋಡ್ ಓದಿಸದೆ ಯೂನಿಟ್ ಬದಲಿಸಲು ಒಪ್ಪಬೇಡಿ.

ಯಾಕೆ ಅಂತ ತಿಳಿಯಲು ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ನೋಡೋಣ. ಕಾರಿನ ನಾಲ್ಕೂ ಚಕ್ರಗಳ ಹತ್ತಿರ ಒಂದೊಂದು ಸೆನ್ಸರ್ ಇರುತ್ತದೆ. ಯಾವ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅದು ಎಬಿಎಸ್ ಯೂನಿಟ್‌ಗೆ ಹೇಳುತ್ತಲೇ ಇರುತ್ತದೆ. ಕೆಸರಲ್ಲೋ ಒದ್ದೆ ರಸ್ತೆಯಲ್ಲೋ ಒಂದು ಚಕ್ರ ಮಿಕ್ಕವಕ್ಕಿಂತ ಜೋರಾಗಿ ಸುತ್ತಿದರೆ, ಅದು ಜಾರುತ್ತಿದೆ ಅಂತ ಅರ್ಥ. ಆಗ ಟ್ರ್ಯಾಕ್ಷನ್ ಕಂಟ್ರೋಲ್ ಆ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಇಲ್ಲವೇ ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಕಾರಿನಲ್ಲಿ ಎರಡಕ್ಕೂ ಅದೇ ಸೆನ್ಸರುಗಳು. ಹಾಗಾಗಿ ಒಂದು ಸೆನ್ಸರ್ ಮಾತು ನಿಲ್ಲಿಸಿದರೂ ಎರಡು ದೀಪ ಒಟ್ಟಿಗೆ ಹತ್ತುತ್ತವೆ.

ದೀಪದ ಭಾಷೆ

ಓಡಿಸುವಾಗ ದೀಪ ಪಟಪಟ ಮಿನುಗಿ ಆರಿದರೆ ಗಾಬರಿ ಬೇಡ. ಚಕ್ರ ಜಾರಿತ್ತು, ವ್ಯವಸ್ಥೆ ತನ್ನ ಕೆಲಸ ಮಾಡಿತು, ಅಷ್ಟೆ. ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲಿಸಿ.

'ಆಫ್' ಎಂದು ಬರೆದ ದೀಪ ಬಂದಿದ್ದರೆ ಯಾರೋ ಬಟನ್ ಒತ್ತಿರಬಹುದು. ಮಕ್ಕಳು ಮುಂದಿನ ಸೀಟಲ್ಲಿ ಕೂತಿದ್ದರೆ ಕೇಳೋದೇ ಬೇಡ! ಮತ್ತೊಮ್ಮೆ ಒತ್ತಿ ನೋಡಿ.

ಎಂಜಿನ್ ಚೆಕ್ ದೀಪವೂ ಜೊತೆಗಿದ್ದರೆ ಮೂಲ ತೊಂದರೆ ಎಂಜಿನ್ನಿನಲ್ಲಿರಬಹುದು. ಎಂಜಿನ್ ಸರಿಯಿಲ್ಲದಾಗ ಎಷ್ಟೋ ಕಾರುಗಳು ಟ್ರ್ಯಾಕ್ಷನ್ ಕಂಟ್ರೋಲನ್ನು ತಾವೇ ನಿಲ್ಲಿಸಿಬಿಡುತ್ತವೆ. ಎಂಜಿನ್ ರಿಪೇರಿಯಾದರೆ ಇದೂ ಆರುತ್ತದೆ.

ಹ್ಯಾಂಡ್ ಬ್ರೇಕ್ ಬಿಟ್ಟಿದ್ದರೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ ಕಾರು ನಿಲ್ಲಿಸಿ. ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಅದನ್ನು ನೋಡಿಸದೆ ಓಡಿಸಬೇಡಿ.

ಮನೆಯಲ್ಲೇ ನೋಡಿಕೊಳ್ಳಿ

ಇದಕ್ಕೆ ಕಾಸು ಖರ್ಚಿಲ್ಲ. ನಾಲ್ಕೂ ಟೈರು ಒಂದೇ ಅಳತೆಯವೇ, ಗಾಳಿ ಸರಿಯಿದೆಯೇ ನೋಡಿ. ಒಂದು ಟೈರಿನ ಅಳತೆ ಬೇರೆಯಾದರೆ ಅದು ತಿರುಗುವ ವೇಗವೂ ಬೇರೆಯಾಗುತ್ತೆ. ಕಾರಿಗೆ ಲೆಕ್ಕ ತಪ್ಪುತ್ತದೆ.

ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಹಿಂದಿನ ಕೆಂಪು ದೀಪ ಹತ್ತದಿದ್ದರೆ ಪೆಡಲ್ ಹತ್ತಿರದ ಬ್ರೇಕ್ ಲೈಟ್ ಸ್ವಿಚ್ ಕೆಟ್ಟಿರಬಹುದು. ಸಣ್ಣ ಪಾರ್ಟು, ಆದರೆ ಅದೂ ಈ ಹಳದಿ ದೀಪ ಹತ್ತಿಸುತ್ತದೆ. ಬ್ಯಾಟರಿ ಸೋತಿದ್ದರೂ ಹೀಗಾಗುವುದುಂಟು.

ಟಾರ್ಚ್ ಹಿಡಿದು ಚಕ್ರದ ಒಳಭಾಗ ನೋಡಿ. ಸೆನ್ಸರಿನ ವೈರು ಕಿತ್ತಿದೆಯೇ, ಇಲಿ ಕಡಿದಿದೆಯೇ? ಮಳೆಗಾಲದಲ್ಲಿ ತೋಟದ ಪಕ್ಕ ಕಾರು ನಿಲ್ಲಿಸುವ ಮಲೆನಾಡಿನವರು ಇದನ್ನು ತಪ್ಪದೆ ನೋಡಬೇಕು. ಕೈ ಹಾಕುವ ಮುಂಚೆ ಎಂಜಿನ್ ಆಫ್ ಮಾಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನುಸುಳಬೇಡಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು

"ಎಬಿಎಸ್ ಕೋಡ್ ಓದೋ ಸ್ಕ್ಯಾನರ್ ಇದೆಯಾ?" ಇದು ಮೊದಲ ಪ್ರಶ್ನೆ. ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ ಕೋಡನ್ನಷ್ಟೇ ಓದುತ್ತವೆ. ಎಬಿಎಸ್‌ನ ಕೋಡುಗಳು ಸಾಮಾನ್ಯವಾಗಿ ಸಿ ಅಕ್ಷರದಿಂದ ಶುರುವಾಗುತ್ತವೆ. ಯಾವ ಚಕ್ರದ ದೂರು ಎಂಬುದು ಅಲ್ಲೇ ತಿಳಿಯುತ್ತದೆ. ಆ ಕೋಡನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಅಂತಲೂ ಅಲ್ಲ. ಮೆಕ್ಯಾನಿಕ್ ಪಕ್ಕ ಕೂತು ಸ್ಕ್ಯಾನರ್ ಹಾಕಿಕೊಂಡೇ ನಿಧಾನವಾಗಿ ಓಡಿಸಿ. ಮೂರು ಚಕ್ರ 20 ಕಿ.ಮೀ. ತೋರಿಸುವಾಗ ನಾಲ್ಕನೆಯದು ಸೊನ್ನೆ ತೋರಿಸಿದರೆ, ಅಥವಾ ಮೇಲೆ ಕೆಳಗೆ ಕುಣಿದರೆ, ತೊಂದರೆ ಆ ಚಕ್ರದಲ್ಲಿದೆ. ಕೆಸರು ಮೆತ್ತಿದ ಸೆನ್ಸರ್, ಸಡಿಲವಾದ ಕನೆಕ್ಟರ್, ತುಂಡಾದ ವೈರು, ಆಮೇಲೆ ಸೆನ್ಸರ್, ಕೊನೆಗೆ ಬೇರಿಂಗ್ – ಈ ಕ್ರಮದಲ್ಲಿ ನೋಡಿಸಿ.

ಇತ್ತೀಚೆಗೆ ಚಕ್ರದ ಬೇರಿಂಗ್ ಬದಲಿಸಿದ್ದರೆ ಮರೆಯದೆ ಹೇಳಿ. ಕೆಲವು ಬೇರಿಂಗುಗಳ ಒಂದು ಬದಿಯಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ. ಸೆನ್ಸರ್ ಓದುವುದು ಅದನ್ನೇ. ಬೇರಿಂಗ್ ತಿರುವುಮುರುವಾಗಿ ಕೂರಿಸಿದರೆ ಹೊಸ ಸೆನ್ಸರ್ ಹಾಕಿದರೂ ದೀಪ ಆರೋದಿಲ್ಲ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ದೀಪ ಬಂದಿದ್ದರೆ ಸ್ಟಿಯರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರ್‌ನಿಂದ ಮತ್ತೆ ಹೊಂದಿಸಬೇಕಾಗಬಹುದು.

ಯೂನಿಟ್ ಕೆಡುವುದೇ ಇಲ್ಲ ಅಂತಲ್ಲ. ಮಿಕ್ಕಿದ್ದೆಲ್ಲ ಸರಿಯಿದೆ ಎಂದು ತೋರಿಸಿದ ಮೇಲಷ್ಟೇ ಆ ಮಾತು. ವೈರು ಜೋಡಿಸಿದರೆ ಮುಗಿಯುವ ಕೆಲಸಕ್ಕೆ ಯೂನಿಟ್ ತರಿಸಿದರೆ ಮೂಗಿಗಿಂತ ಮೂಗುತಿ ಭಾರವಾದೀತು.

ಅಲ್ಲಿಯವರೆಗೆ

ಹಳದಿ ದೀಪಗಳಷ್ಟೇ ಇದ್ದು ಪೆಡಲ್ ಎಂದಿನಂತೆ ಗಟ್ಟಿಯಾಗಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ. ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬಹುದು. ಆದರೆ ಎಬಿಎಸ್ ಇಲ್ಲದಾಗ ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಬಿಗಿದು, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಜಾರಬಹುದು. ಒದ್ದೆ ಘಾಟಿಯ ತಿರುವಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಆಸ್ಪತ್ರೆಯ ದಿನ ಹತ್ತಿರ ಬಂದು ರಿಪೇರಿ ಮುಗಿಯದಿದ್ದರೆ ಆ ಒಂದು ಸಲ ಬಾಡಿಗೆ ಕಾರು ಮಾಡಿಕೊಳ್ಳಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಐದಾರು ಕಿಲೋಮೀಟರ್ ಓಡಿಸಿ, ದೀಪ ಮತ್ತೆ ಬರಲಿಲ್ಲ ಅಂತ ಖಾತ್ರಿಯಾದ ಮೇಲೇ ಬಿಲ್ ಕೊಡಿ. ಬದಲಿಸಿದ ಹಳೇ ಪಾರ್ಟನ್ನು ಕೇಳಿ ಪಡೆಯಿರಿ.