ಬೆಕ್ಕು ಊಟ ಬಿಟ್ಟರೆ ಅದು ಉಪವಾಸವಲ್ಲ



ಮಂಗಲ್ಪಾಡಿ, ಉಪ್ಪಳ, ಬಂದ್ಯೋಡು ಕಡೆ ಜೀನಸಿನ ಅಂಗಡಿ ಎಂದ ಮೇಲೆ ಅಕ್ಕಿಮೂಟೆಯ ಮೇಲೊಂದು ಬೆಕ್ಕು ಸಾಮಾನ್ಯ. ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ. ಯಾವ ಹೆಸರಿನಿಂದ ಕರೆದರೂ ಅದು ಬರುವುದು ತನಗೆ ಮನಸ್ಸಾದಾಗ ಮಾತ್ರ. ಇಲಿ ಹಿಡಿಸಲೆಂದೇ ಬೆಕ್ಕು ಸಾಕುವುದು ಶ್ರಾವಕರಿಗೆ ಸಲ್ಲದೆಂದು ಹಿರಿಯರು ಹೇಳುತ್ತಿದ್ದರು. ಆದರೆ ತಾನಾಗಿ ಬಂದು ಮನೆ ಸೇರಿದ್ದನ್ನು ಓಡಿಸಲು ಮನಸ್ಸು ಬಾರದು. ಹಾಗೆ ಸೇರಿದ ಮೂಕಜೀವಿಯ ಪ್ರೀತಿ ಯಾವುದು, ಬೇನೆ ಯಾವುದು ಎಂದು ತಿಳಿಯುವ ಬಗೆ ಈ ತಿಂಗಳ ವಿಷಯ.

ಪ್ರೀತಿಯನ್ನು ಗುರುತಿಸುವುದು ಕಷ್ಟವಲ್ಲ. ಬಾಲವನ್ನು ನೆಟ್ಟಗೆ ಮೇಲೆತ್ತಿಕೊಂಡು ಎದುರು ಬಂದರೆ ಅದು ನಮಸ್ಕಾರವಿದ್ದಂತೆ. ಕೆನ್ನೆಯನ್ನು ನಮ್ಮ ಕಾಲಿಗೆ ಉಜ್ಜುವುದು ತನ್ನ ವಾಸನೆಯನ್ನು ನಮಗೆ ಹಚ್ಚಿ ‘ಇವರು ನಮ್ಮವರು’ ಎಂದು ಗುರುತು ಹಾಕಿಕೊಳ್ಳಲು. ಮಡಿಲಲ್ಲಿ ಕುಳಿತು ಮುಂಗಾಲುಗಳಿಂದ ಹಿಟ್ಟು ನಾದಿದಂತೆ ಒತ್ತುವುದು, ಮರಿಯಾಗಿದ್ದಾಗ ತಾಯಿಯ ಹಾಲು ಕುಡಿಯುತ್ತಿದ್ದ ಅಭ್ಯಾಸ. ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸುವುದೂ ವಿಶ್ವಾಸದ ಗುರುತು. ನಾವು ಹಾಗೆಯೇ ಮಿಟುಕಿಸಿದರೆ ಅದೂ ಮಿಟುಕಿಸುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿ ಪ್ರಕಟಿಸಿದ್ದಾರೆ. ಮನೆಯ ಮಕ್ಕಳಿಗೆ ಹೇಳಿ, ಅವರು ಇಡೀ ದಿನ ಅದನ್ನೇ ಮಾಡುತ್ತಾರೆ!

ಮೋಸ ಹೋಗುವುದು ಗುರ್ ಗುರ್ ಶಬ್ದದಲ್ಲಿ. ಸುಖವಿದ್ದಾಗ ಬೆಕ್ಕು ಗುರುಗುಡುತ್ತದೆ ನಿಜ. ಆದರೆ ನೋವಿನಲ್ಲಿಯೂ, ಭಯದಲ್ಲಿಯೂ, ಸಾಯುವ ಹೊತ್ತಿಗೂ ಗುರುಗುಡುವುದುಂಟು. ಆದುದರಿಂದ ಶಬ್ದವೊಂದನ್ನೇ ನಂಬದೆ ಅದರ ದಿನಚರಿಯನ್ನು ನೋಡಬೇಕು. ನಿತ್ಯ ಮೈ ನೆಕ್ಕಿ ಶುಚಿಯಾಗಿರುತ್ತಿದ್ದ ಬೆಕ್ಕಿನ ರೋಮ ಒರಟಾಗಿ ಗಂಟುಕಟ್ಟಿದೆಯೇ? ಜಿಗಿದು ಹತ್ತುತ್ತಿದ್ದ ಮೂಟೆಯನ್ನು ಈಗ ಕೆಳಗಿನಿಂದಲೇ ನೋಡುತ್ತಿದೆಯೇ? ಹತ್ತಿರ ಬಾರದಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮೈಗೆ ಅಂಟಿಕೊಂಡಿದ್ದರೆ, ಮುದ್ದಿನ ಬೆಕ್ಕು ಮುಟ್ಟಿದರೆ ಪರಚಿದರೆ, ಎರಡೂ ಬೇನೆಯ ಸೂಚನೆ ಇರಬಹುದು.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಬೆಕ್ಕು ಅನ್ನ ಮುಟ್ಟದೆ ಕತ್ತಲೆಯ ಮೂಲೆಯಲ್ಲಿ ಮಲಗಿದರೆ ‘ಅದಕ್ಕೆ ಕಾಲ ಬಂದಿದೆ, ತಾನಾಗಿ ಆಹಾರ ತ್ಯಾಗ ಮಾಡಿದೆ, ಎಬ್ಬಿಸಬೇಡಿ’ ಎನ್ನುವವರಿದ್ದಾರೆ. ಭಕ್ತಿಯಿಂದ ಹೇಳುವ ಮಾತೇ ಆದರೂ ಸರಿಯಲ್ಲ. ಸಲ್ಲೇಖನ ತಿಳಿವಿನಿಂದ ಕೈಗೊಳ್ಳುವ ವ್ರತ. ಬೆಕ್ಕು ಅಡಗುವುದು ನೋವಿನಲ್ಲಿ ಶತ್ರುವಿನ ಕಣ್ಣಿಗೆ ಬೀಳಬಾರದೆಂಬ ಹುಟ್ಟುಗುಣದಿಂದ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲಿಯೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿ ಅದೇ ಪ್ರಾಣಕ್ಕೆ ಎರವಾಗಬಹುದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಬೇನೆಯಿಂದ ತಿನ್ನಲಾರದ ಪ್ರಾಣಿಯನ್ನು ಹಾಗೆಯೇ ಬಿಡುವುದು ನನ್ನ ಅಭಿಪ್ರಾಯದಲ್ಲಿ ಅದರ ಹತ್ತಿರಕ್ಕೇ ಬರುತ್ತದೆ.

ಒಂದು ದಿನವೂ ಕಾಯಬಾರದ ಸಂದರ್ಭವಿದೆ. ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತು, ತಿಣುಕಿ, ಕೂಗಿ, ಒಂದು ಹನಿಯೂ ಬಾರದಿದ್ದರೆ ಮೂತ್ರನಾಳ ಕಟ್ಟಿದೆ ಎಂದರ್ಥ. ಮಲಬದ್ಧತೆ ಎಂದು ಭಾವಿಸಿ ಹರಳೆಣ್ಣೆ ಕುಡಿಸಲು ಹೋಗಬೇಡಿ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಮರಿಗಳಿಗೆ ವಾಂತಿ, ರಕ್ತಭೇದಿಯಾದರೂ ತಡಮಾಡಬಾರದು. 2025ರ ಆರಂಭದಲ್ಲಿ ರಾಯಚೂರಿನಲ್ಲಿ ಎಫ್‌ಪಿವಿ ಎಂಬ ವೈರಸ್ ರೋಗದಿಂದ ಬೆಕ್ಕುಗಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದು ಮನುಷ್ಯರಿಗೆ ಹರಡುವುದಿಲ್ಲ, ಬೆಕ್ಕಿಗೆ ಲಸಿಕೆ ಇದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಕೊಲ್ಲಬಲ್ಲದು.

ಹಾಲು ಅನ್ನದ ವಿಚಾರವೂ ಇದೆ. ಬೆಕ್ಕಿನ ಕಣ್ಣಿಗೆ, ಹೃದಯಕ್ಕೆ ಟಾರಿನ್ ಎಂಬ ಪದಾರ್ಥ ಬೇಕೇಬೇಕು. ಅದು ಧಾನ್ಯ ತರಕಾರಿಗಳಲ್ಲಿ ಇಲ್ಲ, ಹಸುವಿನ ಹಾಲಿನಲ್ಲಿ ತೀರ ಕಡಿಮೆ. ಕೊರತೆಯಾದರೆ ಕಣ್ಣು ಕುರುಡಾಗುತ್ತದೆಂದು 1975ರಲ್ಲಿಯೂ, ಹೃದಯ ಸೋಲುತ್ತದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಹೊರಗೆ ತಿರುಗುವ ಬೆಕ್ಕು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ; ಪೇಟೆಯ ಫ್ಲಾಟಿನಲ್ಲಿ ಕೂಡಿಹಾಕಿದ ಬೆಕ್ಕಿಗೆ ಆ ದಾರಿಯಿಲ್ಲ. ಬೆಳಕಿನಲ್ಲಿಯೂ ಕಣ್ಣಿನ ಪಾಪೆ ಅಗಲವಾಗಿದ್ದು, ಕುರ್ಚಿಗೆ ಡಿಕ್ಕಿ ಹೊಡೆಯುತ್ತಿದ್ದರೆ ‘ಕಣ್ಣರಳಿಸಿ ಎಷ್ಟು ಮುದ್ದಾಗಿ ನೋಡುತ್ತದೆ’ ಎನ್ನುತ್ತ ಕೂರಬೇಡಿ. ನಮ್ಮ ಅಡುಗೆಮನೆಗೆ ಮೀನು ತನ್ನಿ ಎಂದು ನಾನು ಹೇಳುವವನಲ್ಲ. ಟಾರಿನ್ ಬೆರೆಸಿದ ಆಹಾರದ ಬಗ್ಗೆ ಪಶುವೈದ್ಯರನ್ನು ಕೇಳಬಹುದು. ಅದೂ ಆಗದ ಮನೆಯವರು ಬೆಕ್ಕನ್ನು ಒಳಗೆ ಕೂಡಿಹಾಕಿ ಸಾಕದಿರುವುದೇ ಮೇಲು.

ನಮ್ಮ ಕಡೆ ಪಂಚಾಯತಿನ ಮೃಗಾಸ್ಪತ್ರೆ ದನಕರುಗಳಿಗೆ ಮಾತ್ರವೆಂದು ತಿಳಿದವರು ಬಹಳ. ಬೆಕ್ಕನ್ನೂ ನೋಡುತ್ತಾರೆ. ಕೈಯಲ್ಲಿ ಎತ್ತಿಕೊಂಡು ಹೋದರೆ ರಸ್ತೆಯಲ್ಲಿ ಹಾರಿ ಓಡುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆ ನಮ್ಮ ಅಂಗಡಿಗಳಲ್ಲಿ ಯಾವಾಗಲೂ ಸಿಗುತ್ತದಲ್ಲ. ಕೊನೆಯ ಬಾರಿ ತಿಂದದ್ದು ಯಾವಾಗ, ಮೂತ್ರ ಹೋದದ್ದು ಯಾವಾಗ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.