ಬಿಟ್ಟಿ ಸರಕಿಗೂ ಧಣಿ ಇರುತ್ತಾನೆ



ರಜೆಯ ದಿನಗಳಲ್ಲಿ ಯಾರ ಮನೆಗೆ ಹೋದರೂ ಒಂದೇ ದೂರು: ‘ಹುಡುಗರು ಮೊಬೈಲ್ ಕೆಳಗಿಡವಲ್ಲರು.’ ದೂರು ಸುಳ್ಳಲ್ಲ. ಆದರೆ ಮೊಬೈಲೆಂಬುದು ಒಂದು ಪೇಟೆ ಇದ್ದ ಹಾಗೆ. ಪೇಟೆಯಲ್ಲಿ ಚೊಕ್ಕ ಮಾಲಿನ ಅಂಗಡಿಯೂ ಇರುತ್ತದೆ, ಕಲಬೆರಕೆಯ ಅಂಗಡಿಯೂ ಇರುತ್ತದೆ. ಮಕ್ಕಳನ್ನು ಪೇಟೆಗೇ ಕಳಿಸುವುದಿಲ್ಲವೆಂದು ಎಷ್ಟು ದಿನ ಹಟ ಹಿಡಿಯಲಾದೀತು? ಒಳ್ಳೆಯ ಅಂಗಡಿ ಯಾವುದೆಂದು ಕೈಹಿಡಿದು ತೋರಿಸುವುದೇ ಹಿರಿಯರ ಕರ್ತವ್ಯ. ಅದಕ್ಕಾಗಿ ಈ ಸಲ ಮೊಬೈಲಿನಲ್ಲಿಯೇ ಓದಬಹುದಾದ ಕೆಲವು ಚಿತ್ರಕಥೆಗಳನ್ನು ಸೂಚಿಸುತ್ತಿದ್ದೇವೆ. ಇವುಗಳಿಗೆ ವೆಬ್‌ಕಾಮಿಕ್ ಎನ್ನುತ್ತಾರೆ.

ನಮ್ಮ ಬಾಲ್ಯದಲ್ಲಿ ತಿಂಗಳಿಗೊಮ್ಮೆ ‘ಚಂದಮಾಮ’ ಬರುತ್ತಿತ್ತು. ಕನ್ನಡದಲ್ಲಿ 1949ರಲ್ಲಿ ಆರಂಭವಾದ ಆ ಪತ್ರಿಕೆ ಈಗ ನಿಂತುಹೋಗಿದೆ. ಚಿತ್ರ ನೋಡಿ ಕಥೆ ಓದುವ ಹಂಬಲ ಮಾತ್ರ ಮಕ್ಕಳಲ್ಲಿ ನಿಂತಿಲ್ಲ. ವೆಬ್‌ಕಾಮಿಕ್ಕಿನಲ್ಲಿ ನಡುವೆ ಮುದ್ರಣಾಲಯವಿಲ್ಲ, ಏಜೆಂಟನಿಲ್ಲ. ಬರೆದವನು ತನ್ನ ತಾಣದಲ್ಲಿ ತಾನೇ ಹಾಕುತ್ತಾನೆ. ಓದುಗ ನೇರವಾಗಿ ಹೋಗಿ ಓದುತ್ತಾನೆ.

ಮೊದಲನೆಯದು ನಮ್ಮ ದೇಶದ್ದೇ: ‘ಗ್ರೀನ್ ಹ್ಯೂಮರ್’. ಬರೆಯುವವರು ನಾಗಪುರದ ರೋಹನ್ ಚಕ್ರವರ್ತಿ. ಕಲಿತದ್ದು ದಂತವೈದ್ಯಕೀಯ. ವಿದರ್ಭದ ನಾಗಝಿರಾ ಅಭಯಾರಣ್ಯದಲ್ಲಿ ನೀರಿನಲ್ಲಿ ಮೀಯುತ್ತಿದ್ದ ಹೆಣ್ಣುಹುಲಿಯನ್ನು ಕಂಡದ್ದೇ ತಮ್ಮ ದಾರಿ ಬದಲಿಸಿತೆಂದು ಅವರು ಹೇಳಿಕೊಂಡಿದ್ದಾರೆ. 2010ರಿಂದ ಈ ಚಿತ್ರಮಾಲೆ ನಡೆದಿದೆ. ಅದರಲ್ಲಿ ಹಕ್ಕಿ, ಕಪ್ಪೆ, ಹುಲಿ, ಗೂಬೆಗಳೇ ಮಾತನಾಡುತ್ತವೆ. ಮನುಷ್ಯರ ದುರಾಸೆಯನ್ನು ನಕ್ಕು ಚುಚ್ಚುತ್ತವೆ. ಆಯ್ದ ಚಿತ್ರಗಳು 2021ರಲ್ಲಿ ‘ಗ್ರೀನ್ ಹ್ಯೂಮರ್ ಫಾರ್ ಎ ಗ್ರೇಯಿಂಗ್ ಪ್ಲಾನೆಟ್’ ಎಂಬ ಪುಸ್ತಕವಾಗಿ ಬಂದಿವೆ. ಇರುವೆಯನ್ನೂ ನೋಡಿ ಹೆಜ್ಜೆ ಇಡಬೇಕೆಂದು ಕಲಿಸುವ ಮನೆಗಳಿಗೆ ಇದಕ್ಕಿಂತ ಹೊಂದುವ ಚಿತ್ರಕಥೆ ನಮಗೆ ಕಂಡಿಲ್ಲ. ಓದಿ ಮುಗಿದ ಮೇಲೆ ಮಕ್ಕಳನ್ನು ಕೇಳಿ: ನಮ್ಮ ಸೊಲ್ಲಾಪುರದ ಬಳಿ ನಾನ್ನಜದಲ್ಲಿ ಯಾವ ಹಕ್ಕಿಗಾಗಿ ಅಭಯಾರಣ್ಯ ಮಾಡಿದ್ದಾರೆ? ಮಾಳಢೋಕ ಎಂಬ ಉತ್ತರ ಬರದಿದ್ದರೆ ಹೇಳಿಕೊಡಿ.

ಎರಡನೆಯದು ಅಮೆರಿಕದ ‘ಎಕ್ಸ್‌ಕೆಸಿಡಿ’. ಹೆಸರಿಗೆ ಅರ್ಥವೇನೂ ಇಲ್ಲ. ರ‍್ಯಾಂಡಲ್ ಮನ್ರೋ ಎಂಬುವವರು 2005ರಿಂದ ಇದನ್ನು ಬರೆಯುತ್ತಿದ್ದಾರೆ. ಮೊದಲು ನಾಸಾ ಸಂಸ್ಥೆಯಲ್ಲಿ ಗುತ್ತಿಗೆಯ ಮೇಲೆ ಕೆಲಸದಲ್ಲಿದ್ದರು. 2006ರಲ್ಲಿ ಅದು ಮುಗಿದ ಮೇಲೆ ಚಿತ್ರಕಥೆಯನ್ನೇ ಉದ್ಯೋಗ ಮಾಡಿಕೊಂಡರು. ಸೋಮವಾರ, ಬುಧವಾರ, ಶುಕ್ರವಾರ ಹೊಸದು ಬರುತ್ತದೆ. ಮನುಷ್ಯರೆಂದರೆ ಬರೀ ಕಡ್ಡಿ ಗೆರೆಗಳು. ವಿಷಯ ಮಾತ್ರ ಗಣಿತ, ವಿಜ್ಞಾನ, ಕಂಪ್ಯೂಟರ್.

ಇದರಲ್ಲಿ ಎರಡನ್ನು ತಪ್ಪದೆ ನೋಡಬೇಕು. 2016ರ ಒಂದು ಚಿತ್ರದಲ್ಲಿ ಕ್ರಿ.ಪೂ. 20,000ರಿಂದ ಇಂದಿನವರೆಗೆ ಭೂಮಿಯ ಉಷ್ಣತೆ ಹೇಗೆ ಏರಿಳಿಯಿತೆಂಬುದನ್ನು ಒಂದೇ ಉದ್ದನೆಯ ಗೆರೆಯಲ್ಲಿ ತೋರಿಸಿದ್ದಾರೆ. ಬೆರಳಿನಿಂದ ಸರಿಸುತ್ತ ಹೋದಷ್ಟೂ ಗೆರೆ ನಿಧಾನವಾಗಿ ಬಾಗುತ್ತದೆ. ಕಟ್ಟಕಡೆಗೆ ನಮ್ಮ ಕಾಲ ಬಂದೊಡನೆ ಒಮ್ಮೆಲೆ ಹೊರಳುತ್ತದೆ. ಜೋಳ-ತೊಗರಿಯ ಧಾರಣೆ ಏಕೆ ಮಳೆಯ ಬೆನ್ನು ಹತ್ತಿ ಕುಣಿಯುತ್ತದೆಂದು ಬಲ್ಲ ನಮ್ಮಂಥವರು ಆ ಗೆರೆಯನ್ನು ನೋಡಿ ಸುಮ್ಮನೆ ಕೂಡಲಾರರು. ಇನ್ನೊಂದು ‘ಟೈಮ್’ ಎಂಬುದು. 2013ರಲ್ಲಿ ನಾಲ್ಕು ತಿಂಗಳ ಕಾಲ, ಹೆಚ್ಚುಕಡಿಮೆ ಗಂಟೆಗೊಂದರಂತೆ ಚಿತ್ರ ಬದಲಾಗುತ್ತ ಒಟ್ಟು 3,099 ಚಿತ್ರಗಳಾದವು. ಸಮುದ್ರದ ದಂಡೆಯಲ್ಲಿ ಇಬ್ಬರು ಮರಳಿನ ಕೋಟೆ ಕಟ್ಟುವುದರಿಂದ ಕಥೆ ಹೊರಡುತ್ತದೆ. 2014ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿ ಬಂತು.

ಎಕ್ಸ್‌ಕೆಸಿಡಿಯಲ್ಲಿ ಆಗೀಗ ಒರಟು ಮಾತು ಬರುತ್ತದೆ. ಆ ಎಚ್ಚರಿಕೆ ಅದರ ತಾಣದಲ್ಲಿಯೇ ಇದೆ. ಆದ್ದರಿಂದ ಹೈಸ್ಕೂಲು ದಾಟಿದ ಮಕ್ಕಳಿಗೆ ಇದು ಸರಿ. ಚಿಕ್ಕವರಿಗೆ ಗ್ರೀನ್ ಹ್ಯೂಮರ್ ಸಾಕು.

ಮೂರನೆಯದು ‘ಸಾರಾಸ್ ಸ್ಕ್ರಿಬಲ್ಸ್’. ಸಾರಾ ಆಂಡರ್ಸನ್ ಎಂಬ ಅಮೆರಿಕದ ಕಲಾವಿದೆ 2011ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಆರಂಭಿಸಿದರು. ಹೆಣ್ಣುಮಕ್ಕಳ ನಿತ್ಯದ ಅಂಜಿಕೆ, ಆಲಸ್ಯ, ಸಂಕೋಚಗಳೇ ಇದರ ವಿಷಯ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು, ಸೊಸೆಯಂದಿರು ಓದಿ ನಕ್ಕಾರು. ಮನೆಯ ಹಿರಿಯರು ಓದಿದರೆ ಅವರ ಮನಸ್ಸೂ ತುಸು ತಿಳಿದೀತು.

ಇನ್ನು ಕೊರಿಯಾದಲ್ಲಿ ಹುಟ್ಟಿದ ‘ವೆಬ್‌ಟೂನ್’. ಮೇಲಿನಿಂದ ಕೆಳಕ್ಕೆ ಸರಿಸುತ್ತ ಓದುವ ದೀರ್ಘ ಧಾರಾವಾಹಿಗಳು ಇದರಲ್ಲಿ ಬಹಳ. ಬಹಳಷ್ಟು ಕಂತುಗಳು ಬಿಟ್ಟಿಯೇ. ಆದರೆ ಮುಂದಿನ ಕಂತು ಈಗಲೇ ಬೇಕೆಂದರೆ ‘ಕಾಯಿನ್’ ಕೊಡಬೇಕಾಗುತ್ತದೆ. ಈ ಕಾಯಿನ್ ಆಟದ ನಾಣ್ಯವಲ್ಲ, ನಗದು ರೊಕ್ಕ ಕೊಟ್ಟು ಕೊಳ್ಳುವಂಥದು. ಹನಿ ಹನಿಯಾಗಿ ಸೋರುವ ಖರ್ಚು ಖಾತೆಯಲ್ಲಿ ತಡವಾಗಿ ಕಾಣುತ್ತದೆ. ಎಲ್ಲ ಕಥೆಗಳೂ ಮಕ್ಕಳಿಗಲ್ಲ. ಮೊದಲು ನೀವು ನೋಡಿ, ಆಮೇಲೆ ಕೊಡಿ.

ಈಗ ವ್ಯಾಪಾರದ ಮಾತು. ಎಲ್ಲವನ್ನೂ ಬಿಟ್ಟಿ ಕೊಟ್ಟರೆ ಇವರ ಹೊಟ್ಟೆ ತುಂಬುವುದು ಹೇಗೆ? ಬಿಟ್ಟಿ ಓದಿದವರಲ್ಲಿ ಕೆಲವರು ಮುಂದೆ ಪುಸ್ತಕ, ಕ್ಯಾಲೆಂಡರ್, ಅಂಗಿ ಕೊಳ್ಳುತ್ತಾರೆ. ಕೆಲವರು ತಿಂಗಳಿಗಿಷ್ಟು ಎಂದು ಕಾಣಿಕೆ ಕೊಡುತ್ತಾರೆ. ನಾವು ಗಿರಾಕಿಯ ಅಂಗೈಗೆ ಒಂದು ಹಿಡಿ ಬೇಳೆಯ ಮಾದರಿ ಕೊಡುವುದಿಲ್ಲವೇ, ಹಾಗೆ. ಮಾದರಿಯಿಂದ ಗಿರಾಕಿ ಬರಬೇಕಾದರೆ ಅಂಗಡಿ ಯಾವುದೆಂದು ಅವನಿಗೆ ಗೊತ್ತಿರಬೇಕು. ಹೆಸರು ಅಳಿಸಿದರೆ ಗಿರಾಕಿಯೂ ಇಲ್ಲ, ಊಟವೂ ಇಲ್ಲ.

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗುತ್ತಿರುವುದೇ ಇದು. ಕೆಳಗಿನ ಮೂಲೆಯ ಹೆಸರನ್ನು ಕತ್ತರಿಸಿ ಚಿತ್ರವನ್ನಷ್ಟೇ ಮುಂದೆ ದಾಟಿಸುತ್ತಾರೆ. ಕೆಲವರು ಮಾತುಗಳನ್ನೂ ಬದಲಿಸುತ್ತಾರೆ. ಸಾರಾ ಆಂಡರ್ಸನ್ ಅವರ ಚಿತ್ರಗಳಲ್ಲಿ ಮಾತು ಅಳಿಸಿ, ಜನಾಂಗದ್ವೇಷದ ಮಾತು ತುಂಬಿ ದುಷ್ಟರು ಹರಡಿದ್ದರು. ಮುಂದೆ ಅವರ ಚಿತ್ರಗಳನ್ನು ಕೇಳದೆಯೇ ಬಳಸಿ ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ತಯಾರಿಸಿದ್ದಾರೆಂದು 2023ರ ಜನವರಿಯಲ್ಲಿ ಇನ್ನಿಬ್ಬರು ಕಲಾವಿದರೊಡನೆ ಅವರು ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮನ್ರೋ ಅವರಾದರೋ ಕರಾರನ್ನೇ ಬರೆದಿಟ್ಟಿದ್ದಾರೆ: ನನ್ನ ಹೆಸರು ಹೇಳಿ ಹಂಚಿರಿ, ಮಾರಾಟ ಮಾಡಬೇಡಿರಿ. ಎಷ್ಟು ಸರಳ ಕರಾರು! ಇದನ್ನೂ ಪಾಲಿಸದಿದ್ದರೆ ನಾವು ಸಾಹುಕಾರರೆನಿಸಿಕೊಳ್ಳುವುದಾದರೂ ಏತಕ್ಕೆ? ಕೊಡದೆ ಇದ್ದುದನ್ನು ಮುಟ್ಟಬಾರದೆಂಬ ಅಚೌರ್ಯದ ಪಾಠ ತಕ್ಕಡಿ-ತೂಕಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಕೊನೆಗೆ ಮೂರು ಸೂಚನೆಗಳು. ಒಂದು, ಬರೆದವರ ಸ್ವಂತ ತಾಣದಲ್ಲಿಯೇ ಓದಿರಿ. ಎರಡು, ಹಂಚುವುದಾದರೆ ಹೆಸರು ಸಹಿತ, ಅಥವಾ ತಾಣದ ಕೊಂಡಿಯನ್ನೇ ಹಂಚಿರಿ. ಮೂರು, ಮಕ್ಕಳ ಪಕ್ಕದಲ್ಲಿ ಕೂತು ಓದಿರಿ. ಇವೆಲ್ಲ ಇಂಗ್ಲಿಷಿನಲ್ಲಿವೆ, ಮೆಟ್ರಿಕ್ ಕಲಿತ ನಮಗೆ ಅರ್ಧ ತಿಳಿಯುತ್ತದೆ, ಅರ್ಧ ಉಳಿಯುತ್ತದೆ. ಅದೇ ಲಾಭ! ‘ಇದೇನಪ್ಪಾ, ಮುತ್ಯಾನಿಗೆ ಕನ್ನಡದಾಗ ಹೇಳು’ ಎಂದು ಕೇಳಿರಿ. ಶಾಲೆಯಲ್ಲಿ ಮರಾಠಿ, ಟ್ಯೂಷನ್ನಿನಲ್ಲಿ ಇಂಗ್ಲಿಷ್ ಎಂದು ದಿನ ಕಳೆಯುವ ನಮ್ಮ ಗಡಿನಾಡಿನ ಮಕ್ಕಳಿಗೆ ನಾಲ್ಕು ವಾಕ್ಯ ಕನ್ನಡ ಕಟ್ಟಿ ಹೇಳುವ ಸಂದರ್ಭ ಬೇರೆಲ್ಲಿ ಸಿಕ್ಕೀತು? ಹತ್ತು ನಿಮಿಷ ಸಾಕು. ಅಂಗಡಿಯ ಬಾಗಿಲು ಹಾಕಿದ ಮೇಲೆ, ಊಟಕ್ಕೆ ಮುಂಚೆ ಆ ಹತ್ತು ನಿಮಿಷ ತೆಗೆದಿಡಿರೆಂದು ನಮ್ಮ ವಿನಂತಿ.