ತುಮಕೂರಿನ ನೀರು ನೂರಕ್ಕೆ ಕುದಿಯುವುದಿಲ್ಲ

ನೀರು ಎಷ್ಟು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ನೂರು ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಅದೇ ವಿದ್ಯಾರ್ಥಿಯು ತುಮಕೂರಿನ ಪ್ರಯೋಗಶಾಲೆಯೊಂದರಲ್ಲಿ ನೀರನ್ನು ಕುದಿಸಿ, ಉಷ್ಣತಾಮಾಪಕವನ್ನು ಆವಿಯಲ್ಲಿರಿಸಿದಾಗ, ಪಾದರಸವು 97ರ ಸಮೀಪದಲ್ಲಿಯೇ ನಿಂತುಬಿಡುತ್ತದೆ. ಉರಿಯನ್ನು ಹೆಚ್ಚಿಸುತ್ತಾನೆ, ಪಾದರಸ ಕದಲುವುದಿಲ್ಲ. ಕಡೆಗೆ ರೆಕಾರ್ಡ್ ಪುಸ್ತಕದಲ್ಲಿ 100 ಎಂದು ಬರೆದು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಈ ಪದ್ಧತಿಯು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಮಂಗಳೂರಿನವರು ಹೊತ್ತಿರುವಷ್ಟು ಗಾಳಿಯ ಹೊರೆಯನ್ನು ನಾವು ಹೊತ್ತಿಲ್ಲ. ಅಲ್ಲಿ ವಾಯುಭಾರಮಾಪಕದ ಪಾದರಸವು 760 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಇಲ್ಲಿ 690ರ ಹತ್ತಿರದಲ್ಲಿರುತ್ತದೆ. ನೀರಿನ ಆವಿಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದೊಡನೆ ನೀರು ಕುದಿಯತೊಡಗುವುದರಿಂದ, ಸುಮಾರು 300 ಮೀಟರ್ ಏರಿದಂತೆಲ್ಲ ಕುದಿಬಿಂದುವು ಒಂದೊಂದು ಡಿಗ್ರಿ ಇಳಿಯುತ್ತದೆ. ದೇವರಾಯನದುರ್ಗದ ಬೆಟ್ಟದ ಮೇಲೆ ಅದು 96ರಷ್ಟು. ನೂರು ಅಂಶಗಳ ಮಾನವನ್ನು 1742ರಲ್ಲಿ ಪ್ರಕಟಿಸಿದ ಸೆಲ್ಸಿಯಸನೇ, ಕುದಿಬಿಂದುವು ಗಾಳಿಯ ಒತ್ತಡವನ್ನು ಅನುಸರಿಸುತ್ತದೆಂದು ಅಳೆದು ತೋರಿಸಿದ್ದನು. ಆ ಷರತ್ತನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಉರು ಹೊಡೆದವರು ನಾವು. 1866ರಲ್ಲಿ ವೇಷ ಮರೆಸಿಕೊಂಡು ಟಿಬೆಟ್ಟಿನ ಲಾಸಾ ನಗರವನ್ನು ಮುಟ್ಟಿದ ಸರ್ವೇಕ್ಷಕ ನೈನ್ ಸಿಂಗ್ ರಾವತ್, ಅಲ್ಲಿ ನೀರು ಕುದಿಸಿ, ಅದರ ಉಷ್ಣತೆಯಿಂದಲೇ ಆ ನಗರದ ಎತ್ತರವನ್ನು ಲೆಕ್ಕ ಹಾಕಿದನು. ನಮ್ಮ ಹುಡುಗರಂತೆ ಅವನೂ 100 ಎಂದು ತಿದ್ದಿದ್ದರೆ ಲಾಸಾ ಸಮುದ್ರತೀರದ ಪಟ್ಟಣವಾಗುತ್ತಿತ್ತು!

ಇನ್ನು, ಉರಿಯನ್ನು ಹೆಚ್ಚಿಸಿದರೂ ಪಾದರಸ ಏರದಿರುವುದೇಕೆ? ಇದನ್ನು ತಿಳಿಯಲು ಶಿರಾ ಗೇಟಿನ ಬಳಿ ತಟ್ಟೆ ಇಡ್ಲಿ ಬೇಯಿಸುವ ಹೋಟೆಲಿನ ಒಲೆಯನ್ನು ನೋಡಿದರೆ ಸಾಕು. ಒಂದು ಗ್ರಾಂ ನೀರನ್ನು 27ರಿಂದ 97 ಡಿಗ್ರಿಗೆ ತರಲು 70 ಕ್ಯಾಲೊರಿ ಶಾಖ ಬೇಕು. ಅದೇ ನೀರನ್ನು ಆವಿಯಾಗಿಸಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ಇದರಲ್ಲಿ ಒಂದಿಷ್ಟೂ ಉಷ್ಣತಾಮಾಪಕದ ಕಣ್ಣಿಗೆ ಬೀಳುವುದಿಲ್ಲ. ಈ ಗುಪ್ತೋಷ್ಣವನ್ನು ಹೊತ್ತ ಆವಿಯು ತಣ್ಣನೆಯ ಹಿಟ್ಟನ್ನು ಮುಟ್ಟಿ ನೀರಾಗುವಾಗ ಅದನ್ನೆಲ್ಲ ಅಲ್ಲಿಯೇ ಒಪ್ಪಿಸುತ್ತದೆ, ಇಡ್ಲಿ ಬೇಯುತ್ತದೆ. ಅಡುಗೆಯವನ ಕೈಗೆ ಬಿಸಿನೀರಿಗಿಂತ ಆವಿಯ ಸುಡುವಿಕೆ ಕ್ರೂರವಾಗಿರುವುದಕ್ಕೂ ಇದೇ ಕಾರಣ. ಶಾಖವೆಂಬುದು ಶಕ್ತಿ, ಆ ಶಕ್ತಿಯು ಯಾವ ವಸ್ತುವಿನಿಂದ ಯಾವುದಕ್ಕೆ ಹರಿಯುವುದೆಂದು ಹೇಳುವುದು ಉಷ್ಣತೆ. ಪತ್ರಿಕೆಗಳು ಉಷ್ಣತೆಯನ್ನು ‘ಉಷ್ಣಾಂಶ’ವೆಂದು ಕರೆದು, ವಸ್ತುವಿನಲ್ಲಿ ತುಂಬಿರುವ ಶಾಖದ ಮೊತ್ತವೇ ಅದೆಂಬ ಭ್ರಮೆಯನ್ನು ಬೆಳೆಸಿವೆ. ಈ ಪದ ನಮಗೆ ಎಂದೂ ಹಿಡಿಸಿಲ್ಲ.

ಕಂಡದ್ದೆಲ್ಲವೂ ಸತ್ಯವೆಂದು ನಾವು ಹೇಳುತ್ತಿಲ್ಲ. ಉಷ್ಣತಾಮಾಪಕದಲ್ಲಿಯೂ ದೋಷವಿರಬಹುದು. ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು ಅದು ಸೊನ್ನೆಯನ್ನು ತೋರುವುದೇ ಎಂದು ಮೊದಲು ಪರೀಕ್ಷಿಸಬೇಕು; ಅಂದಿನ ವಾಯುಭಾರವನ್ನೂ ಪಕ್ಕದಲ್ಲಿ ಬರೆದಿಡಬೇಕು. ಇಷ್ಟು ಮಾಡಿ 97 ಎಂದು ಬರೆದವನಿಗೆ ಪರೀಕ್ಷಕರು ಪೂರ್ಣ ಅಂಕಗಳನ್ನು ಕೊಡಲಿ. 100 ಎಂದು ಬರೆದವನನ್ನು, ನೀರನ್ನು ಯಾವ ಊರಿನಲ್ಲಿ ಕುದಿಸಿದೆಯಪ್ಪಾ ಎಂದು ಕೇಳಲಿ.